ಅಂಚಿಗೆ ಕಟ್ಟಿದ ಕೆಂಪು ನೂಲು

ಜನವರಿ 27, ಸೋಮವಾರ

ಹೊಸ ನೋಟ್‌ಬುಕ್ಕು. ಹಳೆಯದರಲ್ಲಿ ಇನ್ನೂ ಹಾಳೆಗಳಿವೆ, ಆದರೆ ಅದನ್ನು ತೆರೆದರೆ ಆಸ್ಪತ್ರೆಯ ನೆನಪು. ಇದರಲ್ಲಿ ಪ್ರದರ್ಶನದ ವಿಷಯ ಮಾತ್ರ ಬರೆಯಬೇಕೆಂದಿದ್ದೇನೆ. ಮೇಜಿನ ಮೇಲೆ ಬಿಚ್ಚಿಟ್ಟು ಹೋದರೂ ಭಯವಿಲ್ಲ. ನಮ್ಮ ಮನೆಯಲ್ಲಿ ದಿನವಿಡೀ ಆಡುವುದು ಕನ್ನಡ, ಅದನ್ನು ಓದಲು ಮಾತ್ರ ಒಬ್ಬರಿಗೂ ಬಾರದು. ಅಪ್ಪ ಅಮ್ಮ ಓದುವುದು ತಮಿಳು. ಕೊಯಮತ್ತೂರು ಪಕ್ಕದ ಸೋಮನೂರಿನ ಈ ಬೀದಿಯ ಅಷ್ಟೂ ನೇಕಾರರ ಮನೆಯಲ್ಲಿ ಅದೇ ಕಥೆ. ನಾನೂ ಹಾಗೇ ಇದ್ದವಳು. ಮೂರು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಟೀಚರಮ್ಮ, "ಇಷ್ಟು ಚೆನ್ನಾಗಿ ಮಾತಾಡ್ತೀಯ, ಅಕ್ಷರ ಬರಲ್ಲ ಅನ್ನೋಕೆ ನಾಚಿಕೆ ಆಗಲ್ವಾ?" ಎಂದು ಬೈದು ಬೈದು ಕಲಿಸಿದರು. ತಲೆ ಕೆಟ್ಟು ಹೋದವಳು ಅಕ್ಷರ ಕಲಿತು ಬಂದೆ.

ವಿಷಯಕ್ಕೆ ಬರುತ್ತೇನೆ. ಫೆಬ್ರವರಿ 22ಕ್ಕೆ ಕೊಯಮತ್ತೂರಿನಲ್ಲಿ ನನ್ನ ಫೋಟೋ ಪ್ರದರ್ಶನ. ನನ್ನೊಬ್ಬಳದೇ. ಇಪ್ಪತ್ತೆರಡು ಫೋಟೋ, ಎಲ್ಲವೂ ಆಳೆತ್ತರದ ಕಾಡಾ ಬಟ್ಟೆಯ ಮೇಲೆ, ಮಗ್ಗದಿಂದ ಇಳಿದಂತೆ ಬಣ್ಣವನ್ನೇ ಕಾಣದ ಬಟ್ಟೆ. ಅದನ್ನು ನೇಯುತ್ತಿರುವವರು ಅಪ್ಪ.

ಮೂರು ವರ್ಷದ ಹಿಂದೆಯೂ ಹೀಗೇ ಒಂದು ತಾರೀಕು ಗೊತ್ತಾಗಿತ್ತು. ಆಗ ನಾನು ಮಾಡಿದ ಘನಕಾರ್ಯ ಏನೆಂದರೆ, ತಲೆ ಚುರುಕಾಗಿರಲಿ ಎಂದು ಮಾತ್ರೆ ಬಿಟ್ಟೆ. ಮೂರನೇ ವಾರಕ್ಕೆ ಅವಿನಾಶಿ ಬಸ್ಸಿನಲ್ಲಿ ಪ್ರತಿಯೊಬ್ಬರ ಮುಖದ ಫೋಟೋ ತೆಗೆದೇ ತೀರುತ್ತೇನೆಂದು ಹಟ ಹಿಡಿದು, ಕಂಡಕ್ಟರ್ ಸೀಟಿ ಊದಿ ಇಳಿಸಿದರೆ ರಸ್ತೆಯ ಮಧ್ಯ ಕುಳಿತೆನಂತೆ. ಆ ಪ್ರದರ್ಶನ ತೆರೆಯಲೇ ಇಲ್ಲ. ನಾಲ್ಕು ತಿಂಗಳು ಆಸ್ಪತ್ರೆ. ಬೀದಿಗೆ ಅಪ್ಪ ಅಮ್ಮ ಹೇಳಿದ್ದು, ಕುನ್ನತ್ತೂರಿನ ಅತ್ತೆ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ ಎಂದು. ಈಗಲೂ ಯಾರಾದರೂ ರವಿಕೆ ಬಟ್ಟೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ನನಗೆ ಒಂದು ಗುಂಡಿ ಹಾಕಲೂ ಬಾರದು.

ಈ ಸಲ ತೆರೆಯಬೇಕು. 22ನೇ ತಾರೀಕು ಆ ಬಾಗಿಲು ತೆರೆದಿರಬೇಕು, ನಾನು ಒಳಗೆ ಸರಿಯಾದ ತಲೆಯಲ್ಲಿ ನಿಂತಿರಬೇಕು. ಬೇರೇನೂ ಬೇಡ.

ಜನವರಿ 30, ಗುರುವಾರ

ಗ್ಯಾಲರಿ ನಡೆಸುವ ತೆನ್ಮೊಳಿ ಮೇಡಂ ಕರೆಸಿದ್ದರು. ಅವರ ಮಾತೆಲ್ಲ ತಮಿಳು, ಇಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಟೀ ತರಿಸಿದರು. ಬೇಡ ಅಂದೆ. ಹೊರಗೆ ಎಲ್ಲೂ ನಾನು ಟೀ ಕುಡಿಯುವುದಿಲ್ಲ. ಲೋಟ ಎತ್ತಿದರೆ ಈ ದರಿದ್ರ ಕೈ ಅದನ್ನು ಕುಣಿಸುತ್ತದೆ. ಲಿಥಿಯಂ ಮಾತ್ರೆಯ ಪ್ರಸಾದ. ತಲೆಯನ್ನು ನಿಲ್ಲಿಸುತ್ತದೆ, ಕೈಯನ್ನು ಅಲ್ಲಾಡಿಸುತ್ತದೆ. ಮೊದಲು ಮದುವೆ ಫೋಟೋ ತೆಗೆಯುತ್ತಿದ್ದವಳು ನಾನು. ಈಗ ತೆಗೆದರೆ ವಧುವಿನ ಕೊರಳಲ್ಲಿ ಎರಡು ತಾಳಿ ಕಾಣುತ್ತದೆ.

ಹಾಗೆ ಅಲ್ಲಾಡಿದ ಫೋಟೋಗಳೇ ಈಗ ಗೋಡೆಗೆ ಏರುತ್ತಿರುವುದು. ನೀರಿನ ಲೋಟ ಹಿಡಿದು ನಿಂತ ಅಮ್ಮನ ಮುಖ ಮೂರು ಗೆರೆಯಾಗಿ ಹರಿದಿದೆ. ಆಸ್ಪತ್ರೆಯಿಂದ ಬಂದ ದಿನ ತೆಗೆದ ನಮ್ಮ ಬೀದಿ ಉಯ್ಯಾಲೆಯಲ್ಲಿ ಕುಳಿತು ನೋಡಿದಂತಿದೆ. ಮೇಡಂ ಅವನ್ನು ಮೊದಲ ಸಲ ನೋಡಿ, "ಇದು ಹೇಗೆ ಮಾಡಿದೆ?" ಎಂದು ಕೇಳಿದಾಗ, ಬೇಕೆಂದೇ ಕ್ಯಾಮೆರಾ ಅಲ್ಲಾಡಿಸುತ್ತೇನೆ, ಅದು ನನ್ನ ಟೆಕ್ನಿಕ್ ಎಂದುಬಿಟ್ಟಿದ್ದೆ. ಅವರು ನಂಬಿ, ಪ್ರದರ್ಶನಕ್ಕೆ 'ಅಸೈವು' ಎಂದು ತಮಿಳಿನಲ್ಲಿ ಹೆಸರೂ ಇಟ್ಟರು. ಚಲನೆ ಎಂದು ಅರ್ಥ. ಚಲನೆಯಂತೆ!

ಇವತ್ತು ಇನ್ನೊಂದು ಸೇರಿಸಿದರು. "ಉದ್ಘಾಟನೆ ದಿನ ಮಧ್ಯದಲ್ಲಿ ಒಂದು ಸ್ಟೂಲ್ ಹಾಕೋಣ. ಬಂದವರು ಕೂರಲಿ. ನೀನು ಎಲ್ಲರೆದುರು ಫೋಟೋ ತೆಗಿ, ಅಲ್ಲೇ ಪ್ರಿಂಟ್ ಕೊಡು. ಆ ಟೆಕ್ನಿಕ್ ಜನ ಕಣ್ಣಾರೆ ನೋಡಲಿ."

"ಖಂಡಿತ ಮೇಡಂ" ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಫೆಬ್ರವರಿ 5, ಬುಧವಾರ

ಕೊನೆಯ ಬಟ್ಟೆ ಇವತ್ತು ಮಗ್ಗದಿಂದ ಇಳಿಯಿತು. ದಿನವೆಲ್ಲ ಮಗ್ಗದ ಮನೆಯಲ್ಲೇ ಕುಳಿತಿದ್ದೆ. ಪವರ್‌ಲೂಮ್ ಓಡುವಾಗ ಅಲ್ಲಿ ನೆಲ, ಗೋಡೆ, ಕ್ಯಾಲೆಂಡರು, ಅಪ್ಪನ ಕನ್ನಡಕ ಎಲ್ಲವೂ ನಡುಗುತ್ತವೆ. ನನ್ನ ಕೈ ಯಾರ ಕಣ್ಣಿಗೂ ಬೀಳದ ಒಂದೇ ಜಾಗ ಅದು. ಅಲ್ಲಿ ಟೀ ಕುಡಿದೆ.

ಅಪ್ಪ ವೆಲ್ಲಿಂಗಿರಿಯವರಿಗೆ ಅರವತ್ತೆಂಟು. ನಾಲ್ಕು ಮಗ್ಗಗಳಲ್ಲಿ ಎರಡನ್ನು ಇನ್ನೂ ಓಡಿಸುತ್ತಾರೆ. ನನ್ನ ಕಾಯಿಲೆಯ ಹೆಸರು ಒಮ್ಮೆಯೂ ಅವರ ಬಾಯಿಂದ ಬಂದಿಲ್ಲ. ಡಾಕ್ಟರ್ ದೀನದಯಾಳನ್ ಹತ್ತಿರ ಹೋಗುವ ದಿನವನ್ನು "ಕೊಯಮತ್ತೂರು ವೇಲೆ", ಅಂದರೆ ಕೊಯಮತ್ತೂರಿನ ಕೆಲಸ, ಅನ್ನುತ್ತಾರೆ. ಬಟ್ಟೆಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟು, ಎಂದಿನಂತೆ ಮುದ್ದಿಗೆ ಅಮ್ಮಿಣಿ ಎಂದು ಕರೆದು, "ಒಂದೆಳೆ ಹೋಗಿಲ್ಲ ಅಮ್ಮಿಣಿ. ಸುತ್ತಿ ಸುತ್ತಿ ನೋಡ್ದೆ" ಅಂದರು. ಅಷ್ಟು ಹೆಮ್ಮೆ ನನ್ನ ಡಿಗ್ರಿಗೂ ಪಟ್ಟಿರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮನ ಎಂದಿನ ಮಂತ್ರ, "ಮಾತ್ರೆ ಹಾಕೊಂಡ್ಯಾ?" ಹಾಕಿಕೊಂಡೆ ಕಣಮ್ಮಾ. ಮೂವತ್ತಾರು ವಯಸ್ಸಾಯಿತು ನನಗೆ.

ಫೆಬ್ರವರಿ 9, ಭಾನುವಾರ

ಬಟ್ಟೆಗಳನ್ನು ತಿರುಪ್ಪೂರಿನ ಪ್ರಿಂಟಿಂಗ್ ಯೂನಿಟ್‌ಗೆ ಕೊಟ್ಟು ಬಂದಿದ್ದಾಯಿತು. ಶುಕ್ರವಾರ ಬರುತ್ತವೆ.

ಸ್ಟೂಲಿನ ಅಭ್ಯಾಸ ಮಾಡೋಣವೆಂದು ಅಮ್ಮನನ್ನು ಕೂರಿಸಿ, ಎದುರಿನ ಬೀರುವಿನ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡೆ. ನೋಡಬಾರದಿತ್ತು. ಕ್ಯಾಮೆರಾ ಎತ್ತಿದರೆ ಮೊಣಕೈಯಿಂದ ಶುರುವಾಗಿ ಬೆರಳ ತುದಿಯವರೆಗೂ ನಡುಕ. ಇದನ್ನು ಟೆಕ್ನಿಕ್ ಎಂದು ಯಾವ ಮೂರ್ಖನೂ ನಂಬುವುದಿಲ್ಲ. ಮೇಡಂ ಮುಖ ಹೇಗಾಗಬಹುದು? ಪತ್ರಿಕೆಯವರು ಬರುತ್ತಾರಂತೆ. ನಮ್ಮ ಬೀದಿಯವರೂ ವ್ಯಾನ್ ಮಾಡಿಕೊಂಡು ಬರುತ್ತಾರಂತೆ. 'ಪಾಪ, ಹುಡುಗಿಗೆ ಏನೋ ಆಗಿದೆ' ಅನ್ನುತ್ತಾರೆ. ಆ 'ಪಾಪ' ಕೇಳಲು ನನ್ನಿಂದಾಗದು.

ಕೆಲವು ದಿನ ಮಾತ್ರೆ ಬಿಟ್ಟರೆ ಕೈ ನಿಲ್ಲುತ್ತದೆ. ಗೊತ್ತಿದೆ. ಕೈ ನಿಂತರೆ ಬೇಕೆಂದೇ ಅಲ್ಲಾಡಿಸಬಹುದು, ಹೇಳಿದ ಸುಳ್ಳು ನಿಜವಾಗುತ್ತದೆ. ಮೂರು ವರ್ಷದ ಹಿಂದಿನದು ಬೇರೆ, ಆಗ ನನಗೆ ಬುದ್ಧಿ ಇರಲಿಲ್ಲ. ಈಗ ಲೆಕ್ಕ ಇಟ್ಟುಕೊಂಡು ಬಿಡುತ್ತೇನೆ. 22ರವರೆಗೆ ಮಾತ್ರ. 23ಕ್ಕೆ ಮತ್ತೆ ಶುರು.

ಅಮ್ಮ ಕೇಳಿದಳು. ಹಾಕಿಕೊಂಡೆ ಅಂದೆ.

ಫೆಬ್ರವರಿ 12, ಬುಧವಾರ

ಅಬ್ಬಾ, ಎಂಥ ದಿನ! ಕೈ ನಿಲ್ಲುತ್ತಿದೆ! ತುಂಬಿದ ಲೋಟ ಎತ್ತಿದೆ, ಒಂದು ಹನಿ ಚೆಲ್ಲಲಿಲ್ಲ, ಅಮ್ಮನಿಗೆ ತೋರಿಸಿದೆ, ಅವಳು ನಗಲಿಲ್ಲ, ಯಾಕೋ. ಐದಕ್ಕೆ ಎದ್ದು ಮಗ್ಗದ ಮನೆಯ ಹತ್ತಿ ಧೂಳನ್ನೆಲ್ಲ ಗುಡಿಸಿದೆ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ನೂರೆಂಬತ್ತು ಫೋಟೋ ಆರಿಸಿದೆ, ಇಪ್ಪತ್ತೆರಡು ಏನೇನೂ ಸಾಲದು, ಸೋಮನೂರಿನ ಒಂದೊಂದು ಮಗ್ಗದ ಮನೆಗೂ ಒಂದೊಂದು ಬಟ್ಟೆ ಹಾಕಿದರೆ? ಇಡೀ ಊರೇ ಪ್ರದರ್ಶನ! ರೈಲ್ವೆ ಸ್ಟೇಷನ್ನಿನಿಂದ ಶುರು ಮಾಡಬೇಕು, ಬಂದವರು ಬೀದಿ ಬೀದಿ ನಡೆದು ನೋಡಬೇಕು. ತೆನ್ಮೊಳಿ ಮೇಡಂಗೆ ಆರು ಸಲ ಫೋನ್ ಮಾಡಿದೆ, ಆರನೆಯದಕ್ಕೆ ಎತ್ತಲಿಲ್ಲ, ಮೀಟಿಂಗ್ ಇರಬೇಕು. ನಾಳೆ ಖುದ್ದಾಗಿ ಹೋಗಿ ಹೇಳುತ್ತೇನೆ. ಇಷ್ಟು ಸ್ಪಷ್ಟವಾಗಿ ಯೋಚಿಸಿ ಎಷ್ಟು ದಿನವಾಗಿತ್ತು! ನಿದ್ದೆ ಯಾರಿಗೆ ಬೇಕು?

ನೆಟ್ಟಗೆ ಕೈ ಹಿಡಿದು ಅಪ್ಪನ ಮಗ್ಗದ ಇಪ್ಪತ್ತು ಫೋಟೋ ತೆಗೆದೆ. ಎಳೆ ಎಳೆಯೂ ಎಣಿಸುವ ಹಾಗೆ ಬಂದಿವೆ. ಮಗ್ಗ ಮಾರುವವರ ಜಾಹೀರಾತಿನ ಹಾಗಿವೆ. ಇರಲಿ, ಅಭ್ಯಾಸವಾಗಬೇಕು ಅಷ್ಟೇ.

ಫೆಬ್ರವರಿ 13, ಗುರುವಾರ

ಅಮ್ಮ ಹಿಂದೆ ಹಿಂದೆಯೇ ತಿರುಗುತ್ತಾಳೆ. ಊರಿನವರೆಲ್ಲ ಯಾಕಿಷ್ಟು ನಿಧಾನ ಮಾತಾಡುತ್ತಾರೆ? ಕೊಯಮತ್ತೂರಿಗೆ ಹೋಗಬೇಡ ಅಂದಳು, ಲೋಟ ಎಸೆದೆ. ಗೋಡೆಗೆ.

ಫೆಬ್ರವರಿ 14, ಶುಕ್ರವಾರ

ನಿಧಾನವಾಗಿ ಬರೆಯುತ್ತೇನೆ. ಒಂದಾದ ಮೇಲೆ ಒಂದು.

ಬೆಳಗ್ಗೆ ಒಂಬತ್ತಕ್ಕೆ ತಿರುಪ್ಪೂರಿನಿಂದ ಬಟ್ಟೆಗಳು ಬಂದವು. ಪ್ರಿಂಟಿಂಗ್ ಯೂನಿಟ್ಟಿನ ಮಯಿಲ್‌ಸಾಮಿ ಟೆಂಪೋದಲ್ಲಿ ತಂದು ಇಳಿಸಿ ಹೋದರು. ನಾನು ಸ್ನಾನಕ್ಕೆ ಹೋದೆ. ಸ್ನಾನ ಮಾಡಿದೆ, ಮನೆಯ ಪಾತ್ರೆಯನ್ನೆಲ್ಲ ಕೆಳಗಿಳಿಸಿ ಜೋಡಿಸಿದೆ, ಹೊರಗೆ ಬಂದಾಗ ಹನ್ನೊಂದಾಗಿತ್ತು. ಅಪ್ಪ ಅಂಗಳದಲ್ಲಿ ಎಲ್ಲ ಬಟ್ಟೆಗಳನ್ನೂ ಹಗ್ಗಕ್ಕೆ ಹರಡಿ, ಬಗಲಲ್ಲಿ ಕೆಂಪು ನೂಲಿನ ಉಂಡೆ ಇಟ್ಟುಕೊಂಡು, ಅಂಚಿಗೆ ಗಂಟು ಹಾಕುತ್ತಾ ಕುಳಿತಿದ್ದರು.

ಏನೆಂದು ನನಗೆ ಆ ಕ್ಷಣವೇ ತಿಳಿಯಿತು, ನೇಕಾರರ ಮಗಳಲ್ಲವೇ. ನೇಯುವಾಗ ಎಳೆ ತಪ್ಪಿದ ಕಡೆಯೆಲ್ಲ ಬಟ್ಟೆಯ ಅಂಚಿಗೆ ಒಂದು ಬಣ್ಣದ ನೂಲು ಕಟ್ಟಿ ಕಳಿಸುವುದು ಅಪ್ಪನ ಪದ್ಧತಿ. ಇಲ್ಲಿ ಡ್ಯಾಮೇಜು ಇದೆ, ನೋಡಿಕೊಳ್ಳಿ ಎಂದು ಕೊಳ್ಳುವವರಿಗೆ ಗುರುತು. ನನ್ನ ಫೋಟೋದಲ್ಲಿ ಎಲ್ಲೆಲ್ಲಿ ಗೆರೆ ಎರಡಾಗಿದೆಯೋ, ಮುಖ ಹರಿದಿದೆಯೋ, ಅಲ್ಲೆಲ್ಲ ಪ್ರಿಂಟು ಕೆಟ್ಟಿದೆಯೆಂದು ಅವರು ತಿಳಿದಿದ್ದರು. ಅಮ್ಮನ ಮುಖವೊಂದಕ್ಕೇ ಹದಿನಾಲ್ಕು ಗಂಟು.

"ನೋಡು ಅಮ್ಮಿಣಿ, ಎಲ್ಲಾ ಡ್ಯಾಮೇಜು. ಆ ಮಯಿಲ್‌ಸಾಮಿ ಮಿಷನ್ನು ಸರಿಯಿಲ್ಲ" ಅಂದರು. "ಬೇಜಾರ್ ಮಾಡ್ಕೋಬೇಡ. ದೊಡ್ಡ ದೊಡ್ಡೋರು ಬತ್ತಾರೆ. ಅವ್ರೇ ಕಂಡ್ಕೊಂಡ್ರೆ ಮೋಸ ಅಂತಾರೆ. ನಾವೇ ನೂಲ್ ಕಟ್ಬಿಟ್ರೆ ಒಂದ್ ಮಾತು ಅನ್ನಂಗಿಲ್ಲ."

ನಾನು ಕಿರುಚಿದೆ. ಬೀದಿಗೆಲ್ಲ ಕೇಳಿಸಿರಬೇಕು. "ಪ್ರಿಂಟಲ್ಲ ಅಪ್ಪಾ! ನನ್ ಕೈ! ನನ್ ಕೈ ಆಡ್ತದೆ! ಬಟ್ಟೇಲಿ ಒಂದೆಳೆ ತಪ್ಪಿದ್ರೆ ನೂಲ್ ಕಟ್ತೀರ. ನನ್ನ ಮಾತ್ರ ಮೂರು ವರ್ಷ ಮಡಿಸಿ ಒಳಗಿಟ್ರಲ್ಲ! ಹೊಲಿಗೆ ಅಂದ್ರಲ್ಲ! ಈ ಡ್ಯಾಮೇಜಿಗೆ ಯಾಕೆ ಕಟ್ನಿಲ್ಲ?"

ಅಪ್ಪ ಹಲ್ಲಲ್ಲಿ ಕಚ್ಚಿಕೊಂಡಿದ್ದ ನೂಲನ್ನು ಮೆಲ್ಲಗೆ ತೆಗೆದರು. ಆಮೇಲೆ ಅಂದರು, "ನಿನ್ನ ಡ್ಯಾಮೇಜು ಅಂತ ನಾನು ಒಂದಿನಾನೂ ನೆನಚಿಲ್ಲ, ಅಮ್ಮಿಣಿ. ಊರು ಹಂಗೆ ನೆನಚ್ತದಲ್ಲಾಂತ ಹೆದರ್ಕೊಂಡೆ. ಅದು ನನ್ ತಪ್ಪು. ಊರ್ಗೆ ಪೊಯ್ ಹೇಳ್ದೆ. ನಿಂಗೂ ಪೊಯ್ ಹೇಳೋಕೆ ಕಲಿಸ್ಬಿಟ್ಟೆ."

ಪೊಯ್ ಅಂದರೆ ಸುಳ್ಳು. ಅಲ್ಲೇ ಕುಳಿತು ಅತ್ತೆ. ಅಳುತ್ತಲೇ ಹೇಳಿದೆ, ಭಾನುವಾರದಿಂದ ಮಾತ್ರೆ ತಿಂದಿಲ್ಲ ಎಂದು. ಯಾಕೆಂದೂ ಹೇಳಿದೆ, ಸ್ಟೂಲಿನ ವಿಷಯ, ಟೆಕ್ನಿಕ್ಕಿನ ವಿಷಯ, ಎಲ್ಲ. ಅಪ್ಪ ಬೈಯುತ್ತಾರೆ ಎಂದುಕೊಂಡೆ. ಒಳಗೆ ತಿರುಗಿ, "ರಾಮಾಯೀ, ಡಾಕ್ಟ್ರಿಗೆ ಫೋನ್ ಹಾಕು. ಬಂದ್ಬಿಟ್ಟಿದೀವಿ ಅನ್ನು" ಎಂದರು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಫೋನ್ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಬುಧವಾರವೇ ಗೊತ್ತಾಗಿತ್ತಂತೆ.

ಡಾಕ್ಟರ್ ದೀನದಯಾಳನ್ ಚೆನ್ನಾಗಿ ಉಗಿದರು. ಬಿಟ್ಟಿದ್ದನ್ನೆಲ್ಲ ಸೇರಿಸಿ ನುಂಗಬೇಡ, ಇವತ್ತಿನದು ಇವತ್ತು, ನಿದ್ದೆಗೆ ಒಂದು ವಾರ ಬೇರೆ ಮಾತ್ರೆ, ಸೋಮವಾರ ರಕ್ತಪರೀಕ್ಷೆ, ಬುಧವಾರ ಮತ್ತೆ ಬಾ. "ಪ್ರದರ್ಶನ ಮಾಡಬಹುದಾ?" ಎಂದು ಕೇಳಿದೆ. "ಐದು ದಿನ ಮಾತ್ರೆ ತಿಂದು, ಎಂಟೆಂಟು ಗಂಟೆ ಮಲಗಿ ಬಂದು ಕೇಳು" ಎಂದರು.

ಮನೆಗೆ ಬಂದ ಮೇಲೆ ಅಪ್ಪ ಕತ್ತರಿ ತಂದರು. "ನೂಲ್ ಬಿಚ್ಬಿಡ್ಲಾ?"

"ಬೇಡ ಇರ್ಲಿ. ಮೂರ್ ಕಡೆ ಬಿಟ್ಬಿಟ್ಟಿದ್ದೀರ. ಅಲ್ಲೂ ಕಟ್ಟಿ" ಅಂದೆ.

ಫೆಬ್ರವರಿ 16, ಭಾನುವಾರ

ಹತ್ತು ಗಂಟೆ ಮಲಗಿದ್ದೆ. ಬಾಯಿ ಒಣಗುತ್ತದೆ. ತಲೆಯೊಳಗಿನ ರೈಲು ಇನ್ನೂ ಪೂರ್ತಿ ನಿಂತಿಲ್ಲ.

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಪೋಲಾರ್ ಎಂಬ ಹೆಸರನ್ನೂ ಹೇಳಿದೆ. ತಮಿಳಿನಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದ್ದು, ಬೇರೆ ಯಾರದೋ ಕಾಯಿಲೆಯಂತೆ ಕೇಳಿಸಿತು. ಮುಗಿಯಿತು, ರದ್ದು ಮಾಡುತ್ತಾರೆ ಎಂದುಕೊಂಡೆ. ಅವರು, "ಬುಧವಾರ ಆರು ಸಲ ಫೋನ್ ಮಾಡಿದ್ದು ಅದಕ್ಕಾ?" ಎಂದರು. ಹೌದು ಅಂದೆ. "ಉದ್ಘಾಟನೆ ದಿನ ನಿನಗೆ ಮತ್ತೆ ಏನಾದರೂ ಆದರೆ ನಾನೇನು ಮಾಡಬೇಕು?" ಎಂದರು. "ಅಪ್ಪ ಅಮ್ಮ ಪಕ್ಕದಲ್ಲೇ ಇರ್ತಾರೆ. ಡಾಕ್ಟರ ನಂಬರ್ ನಿಮಗೂ ಕೊಡ್ತೇನೆ. ಅವರು ಬೇಡ ಅಂದ್ರೆ ನಾನೇ ನಿಲ್ಲಿಸ್ತೇನೆ" ಅಂದೆ. ಅವರೆಂದರು, "ಪ್ರದರ್ಶನದ ಹೆಸರು ಬದಲಾಯಿಸಬೇಕಾದರೆ ನಾಳೆ ಹನ್ನೆರಡರೊಳಗೆ ಹೇಳು. ಬೋರ್ಡು ಮಾಡುವವನು ಈಗಾಗಲೇ ನನ್ನ ತಲೆ ತಿನ್ನುತ್ತಿದ್ದಾನೆ."

'ನಡುಕ್ಕಂ' ಎಂದು ಇಡಿ ಎಂದೆ. ನಮ್ಮ ನಡುಕವೇ.

ಫೆಬ್ರವರಿ 19, ಬುಧವಾರ

ಡಾಕ್ಟರು ಹೂಂ ಅಂದರು. ಒಂದು ಷರತ್ತು, ರಾತ್ರಿ ಒಂಬತ್ತೂವರೆಗೆ ಹಾಸಿಗೆ.

ಅಲ್ಲಿಂದಲೇ ಗ್ಯಾಲರಿಗೆ ಹೋಗಿ ಬಟ್ಟೆ ನೇತುಹಾಕಿದೆವು. ಅಪ್ಪ ಒಂದೊಂದನ್ನೂ ಎಳೆದು ಎಳೆದು ಸುಕ್ಕು ಬಿಡಿಸಿದರು. ಗ್ಯಾಲರಿಯ ಕೆಲಸದವರು ಬಿಗಿಯಾಗಿ ಮೊಳೆ ಹೊಡೆಯಲು ಹೋದರೆ, "ಬಟ್ಟೆ ಕಣಪ್ಪಾ ಅದು, ತಗಡಲ್ಲ" ಎಂದು ಕನ್ನಡದಲ್ಲೇ ಗದರಿದರು. ಅವರಿಗೆ ಅರ್ಥವಾಗದಿದ್ದರೂ ಕೇಳಿದರು.

ಕೈ ಮತ್ತೆ ಶುರುವಾಗಿದೆ. ಬೋರ್ಡಿನ ಬರಹ ನಾನೇ ಬರೆದೆ, ತಮಿಳಿನಲ್ಲಿ, ಮೂರೇ ಸಾಲು. 'ನನಗೆ ಬೈಪೋಲಾರ್ ಕಾಯಿಲೆ ಇದೆ. ಅದಕ್ಕೆ ತಿನ್ನುವ ಮಾತ್ರೆಯಿಂದ ಕೈ ನಡುಗುತ್ತದೆ, ಆ ಕೈಯಿಂದಲೇ ಇವನ್ನು ತೆಗೆದೆ. ಎಲ್ಲೆಲ್ಲಿ ನಡುಗಿದೆಯೋ ಅಲ್ಲೆಲ್ಲ ನನ್ನ ಅಪ್ಪ ಕೆಂಪು ನೂಲು ಕಟ್ಟಿದ್ದಾರೆ.'

ಫೆಬ್ರವರಿ 23, ಭಾನುವಾರ

ನಿನ್ನೆ ಒಂಬತ್ತೂವರೆಗೆ ಮಲಗಿಬಿಟ್ಟೆ, ಹೇಳಿದ ಮಾತು ಹೇಳಿದ ಮಾತೇ. ಈಗ ಬೆಳಗಿನ ಎಂಟು ಗಂಟೆ. ಅಮ್ಮ ಇಡ್ಲಿಗೆ ಕರೆಯುತ್ತಿದ್ದಾಳೆ. ಬರೆದೇ ಏಳುತ್ತೇನೆ.

ತೆರೆಯಿತು! ನಿನ್ನೆ ಸಂಜೆ ನಾಲ್ಕೂವರೆಗೆ ಬಾಗಿಲು ತೆರೆಯಿತು, ನಾನು ಒಳಗೆ ನಿಂತಿದ್ದೆ!

ಜನ ಬಂದರು. ಬೋರ್ಡು ಓದಿದವರು ಮೊದಲು ನನ್ನ ಕೈ ನೋಡುತ್ತಿದ್ದರು, ಆಮೇಲೆ ಫೋಟೋ, ಆಮೇಲೆ ಅಂಚಿನ ನೂಲು. ಪೆರಿಯನಾಯಕನಪಾಳ್ಯಂನ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬರು ನೂಲುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿ, "ನನ್ನ ತಮ್ಮನೂ ಇದೇ ಮಾತ್ರೆ ತಿನ್ನುತ್ತಾನಮ್ಮ. ಅವನನ್ನು ನಾಳೆ ಕರೆದುಕೊಂಡು ಬರುತ್ತೇನೆ" ಎಂದರು. ಬನ್ನಿ ಎಂದೆ.

ಐದಕ್ಕೆ ನಮ್ಮ ಬೀದಿಯ ವ್ಯಾನು ಬಂತು. ಎದುರುಮನೆಯ ಸುಬ್ಬಾತಾಳ್ ಬೋರ್ಡು ಓದಿ, ಅಮ್ಮನ ಸೆರಗು ಹಿಡಿದು ಎಳೆದು, "ಏನ ರಾಮಾಯಿ ಇದು? ಕುನ್ನತ್ತೂರಲ್ಲಿ ಹೊಲಿಗೆ ಕಲೀತಿದ್ಲು ಅಂದ್ಯಲ್ಲ?" ಎಂದು ಕೇಳಿದರು. ಗೋಡೆಯ ಮೇಲೆ ಅಮ್ಮನ ಮುಖ, ಕೆಳಗೆ ಅಮ್ಮ.

"ಹೊಲಿಗೆನೂ ಇಲ್ಲ ಗಿಲಿಗೆನೂ ಇಲ್ಲ ಅಕ್ಕಾ. ಆಸ್ಪತ್ರೇಲಿದ್ಲು. ನಾಕು ತಿಂಗ್ಳು. ನಿಮ್ಗೆ ಪೊಯ್ ಹೇಳ್ದೆ" ಎಂದಳು ಅಮ್ಮ. ಧ್ವನಿ ಸ್ವಲ್ಪವೂ ಇಳಿಸಲಿಲ್ಲ. "ನೋಡಿ, ಇದೆಲ್ಲಾ ಅವ್ಳು ತೆಗ್ದಿರೋದೇ. ಬನ್ನಿ, ಒಂದೊಂದಾಗಿ ತೋರಿಸ್ತೀನಿ."

ನನ್ನ ಅಮ್ಮ! ಮೂರು ವರ್ಷ ಮಾತ್ರೆಯ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟವಳು! ಸುಬ್ಬಾತಾಳ್ ಕಣ್ಣೊರೆಸಿಕೊಂಡು ಬಂದು ನನ್ನ ಕೆನ್ನೆ ಹಿಂಡಿದರು. ಪಾಪ ಅನ್ನಲಿಲ್ಲ. "ಒಂದು ಮಾತು ಹೇಳಿದ್ರೆ ನಾನೂ ಬಂದು ನೋಡ್ಕೊತಿರ್ನಿಲ್ವಾ?" ಎಂದು ಜಗಳಕ್ಕೇ ನಿಂತರು. ಟೀ ಕೊಟ್ಟರು, ಕುಡಿದೆ. ಅರ್ಧ ಸೀರೆಗೆ ಬಿತ್ತು, ಇನ್ನೊಂದು ಲೋಟ ತೆಗೆದುಕೊಂಡೆ.

ಐದೂವರೆಗೆ ಮೇಡಂ ಸ್ಟೂಲು ಹಾಕಿಸಿದರು. ಪಕ್ಕದಲ್ಲಿ ಪ್ರಿಂಟರ್. ಮೈಕಿನಲ್ಲಿ, "ಯಾರು ಮೊದಲು ಕೂರುತ್ತೀರಿ?" ಎಂದು ಕೇಳಿದರು. ಯಾರೂ ಬರಲಿಲ್ಲ. ನಾನು ಕ್ಯಾಮೆರಾ ಎತ್ತಿಕೊಂಡು ನಿಂತಿದ್ದೆ. ಅಷ್ಟು ಜನರ ಕಣ್ಣು ನನ್ನ ಕೈ ಮೇಲೆ. ಕ್ಯಾಮೆರಾದ ಪಟ್ಟಿಯ ಕೊಂಡಿ ಟಕಟಕ ಬಡಿಯುತ್ತಿತ್ತು, ಆ ಮೌನದಲ್ಲಿ ಅದೊಂದೇ ಸದ್ದು. ನೋಡುವುದು ಬೇರೆ, ಬಂದು ಎದುರಿಗೆ ಕೂರುವುದು ಬೇರೆ. ಇಳಿಸಿಬಿಡೋಣ, ಸಾಕು, ಇಷ್ಟಾಯಿತಲ್ಲ ಎನಿಸಿತು. ಆದರೂ ಇಳಿಸಲಿಲ್ಲ. ಯಾಕೆಂದು ಗೊತ್ತಿಲ್ಲ, ಇಳಿಸಲಿಲ್ಲ ಅಷ್ಟೇ.

ಹಿಂದಿನಿಂದ ಅಪ್ಪ ಬಂದರು. ಪಂಚೆ ಸರಿ ಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತರು. ಬೆನ್ನು ನೆಟ್ಟಗೆ, ಎರಡೂ ಕೈ ಮೊಣಕಾಲಿನ ಮೇಲೆ, ಪಾಸ್‌ಪೋರ್ಟ್ ಫೋಟೋಗೆ ಕುಳಿತವರ ಹಾಗೆ.

ಮದುವೆಮನೆಯ ಹಳೆಯ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು. "ಅಪ್ಪಾ, ಅಲ್ಲಾಡ್ಬೇಡಿ" ಅಂದೆ.

"ನಾನೆಲ್ಲಿ ಅಲ್ಲಾಡ್ತಿದೀನಿ ಅಮ್ಮಿಣಿ? ಅಲ್ಲಾಡ್ತಿರೋದು ನೀನು" ಎಂದರು ಅಪ್ಪ. "ಪರವಾಯಿಲ್ಲ. ಅಲ್ಲಾಡು. ನಾನ್ ಇಲ್ಲೇ ಕೂತಿರ್ತೀನಿ."

ನಮ್ಮ ಬೀದಿಯವರು ಗೊಳ್ಳೆಂದು ನಕ್ಕರು. ಕನ್ನಡ ಬಾರದವರಿಗೆ ಯಾರೋ ತಮಿಳಿನಲ್ಲಿ ಹೇಳಿದರು, ಅವರೂ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ನಗುತ್ತಲೇ ಕ್ಲಿಕ್ಕಿಸಿದೆ. ಪ್ರಿಂಟರಿನಿಂದ ಫೋಟೋ ಹೊರಗೆ ಬಂತು. ಅಪ್ಪನಿಗೆ ನಾಲ್ಕು ಕನ್ನಡಕ, ಮೂರು ಮೀಸೆ. ಅವರು ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಸುಬ್ಬಾತಾಳ್ ಜನರನ್ನು ತಳ್ಳಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತರು. ಅವರ ಹಿಂದೆ ಮಿಲ್ಲಿನವರು ನಿಂತರು. ಅವರ ಹಿಂದೆ ತೆನ್ಮೊಳಿ ಮೇಡಂ. ಆಮೇಲೆ ನಾನು ನೋಡಲಿಲ್ಲ, ತೆಗೆಯುತ್ತಲೇ ಹೋದೆ.

ಏಳೂವರೆಗೆ ಪ್ರಿಂಟರಿನ ಕಾಗದ ಮುಗಿಯಿತು. ನಲವತ್ತೊಂದು ಫೋಟೋ. ಒಂದೂ ನೆಟ್ಟಗೆ ಬಂದಿಲ್ಲ. ಒಬ್ಬರೂ ತಮ್ಮ ಫೋಟೋ ಬಿಟ್ಟುಹೋಗಲಿಲ್ಲ, ಎಲ್ಲರೂ 'ಇದು ನಾನು' ಎಂದು ಮನೆಗೆ ಕೊಂಡೊಯ್ದರು.